ವಲಯಗಳ ಬಲಾಬಲ

ಒಹಾಯೊ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನಡೆದ ಒಂದು ವಾಗ್ವಾದದಿಂದ ಈ ಬರಹವನ್ನು ಆರಂಭಿಸುತ್ತೇನೆ. ಅದು ಚಳಿಗಾಲದ ಮುಂಚಿನ ಶನಿವಾರ. ಅಳಿಯನ ಮನೆಯಲ್ಲಿ ಗೆಳೆಯರು ನೆರೆದಿದ್ದರು. ದೂರದರ್ಶನದಲ್ಲಿ ಅಮೆರಿಕನ್ ಫುಟ್ಬಾಲ್ ಎಂಬ, ನಮ್ಮ ಕಣ್ಣಿಗೆ ಕುಸ್ತಿಯೂ ಓಟವೂ ಬೆರೆತಂತೆ ಕಾಣುವ ಆಟ ನಡೆಯುತ್ತಿತ್ತು. ಆಡುತ್ತಿದ್ದವರು ವೃತ್ತಿಪರರಲ್ಲ, ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು. ಆದರೂ ಕ್ರೀಡಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಟ ಮುಗಿದ ಮೇಲೆ ಆರಂಭವಾದ ಚರ್ಚೆ ಊಟದ ತಟ್ಟೆ ಒಣಗಿದರೂ ಮುಗಿಯಲಿಲ್ಲ. ಅಲ್ಲಿ ವಿಶ್ವವಿದ್ಯಾಲಯಗಳು ಗುಂಪುಗುಂಪಾಗಿ ಕೂಡಿಕೊಂಡಿವೆ. ಆ ಗುಂಪಿಗೆ ಕಾನ್ಫರೆನ್ಸ್ ಎನ್ನುತ್ತಾರೆ. ಪ್ರತಿ ತಂಡವೂ ಹೆಚ್ಚಾಗಿ ತನ್ನ ಗುಂಪಿನೊಳಗೇ ಆಡುತ್ತದೆ. ಹಾಗಾದರೆ ಬಿಗ್ ಟೆನ್ ಎಂಬ ಗುಂಪು ಬಲಿಷ್ಠವೋ, ದಕ್ಷಿಣದ ರಾಜ್ಯಗಳ ಸೌತ್‌ಈಸ್ಟರ್ನ್ ಗುಂಪು ಬಲಿಷ್ಠವೋ? ಇದೇ ಅವರ ಜಗಳ.

"ಮಾವ, ಇದು ನಿಮಗೆ ಅರ್ಥವಾಗುವುದಿಲ್ಲ ಬಿಡಿ" ಎಂದು ಅಳಿಯ ನಕ್ಕರು. ನಾನೂ ನಕ್ಕು ಸುಮ್ಮನಾದೆ. ಆದರೆ ರಾತ್ರಿ ಮಲಗಿದಾಗ ನನಗೆ ಅನ್ನಿಸಿತು: ಈ ಜಗಳ ನನಗೆ ಚೆನ್ನಾಗಿಯೇ ಗೊತ್ತಿದೆ. ರಾಜಾಜಿನಗರದ ನಮ್ಮ ವಠಾರದ ಜಗಲಿಯ ಮೇಲೆ, ಐವತ್ತು ವರ್ಷಗಳ ಹಿಂದೆ, ಅಪ್ಪನೂ ಅವರ ಸ್ನೇಹಿತರೂ ಇದೇ ಜಗಳವನ್ನು ಆಡುತ್ತಿದ್ದರು. ಅವರ ಆಟ ಕ್ರಿಕೆಟ್, ಅವರ ಗುಂಪುಗಳ ಹೆಸರು ವಲಯ.

ಇಂದಿನ ಹುಡುಗರಿಗೆ ವಲಯ ಪದ್ಧತಿಯ ನೆನಪಿಲ್ಲ. ಆದುದರಿಂದ ಸ್ವಲ್ಪ ವಿವರಿಸಬೇಕು. ರಣಜಿ ಟ್ರೋಫಿ 1934ರಲ್ಲಿ ಆರಂಭವಾಯಿತು. ಅದರ ಮೊಟ್ಟಮೊದಲ ಪಂದ್ಯ ಮದರಾಸಿನ ಚೆಪಾಕಿನಲ್ಲಿ ನವೆಂಬರ್ 4ರಂದು ನಡೆದದ್ದು ಮದರಾಸಿಗೂ ನಮ್ಮ ಮೈಸೂರಿಗೂ. ನಾವು 48 ಮತ್ತು 59 ರನ್ನುಗಳಿಗೆ ಉರುಳಿದೆವು. ಮದರಾಸು ಗಳಿಸಿದ್ದು 130. ಒಂದೇ ದಿನದಲ್ಲಿ ಪಂದ್ಯ ಮುಗಿದುಹೋಯಿತು. ಎ.ಜಿ. ರಾಮ್‌ಸಿಂಗ್ ಒಬ್ಬರೇ ಹನ್ನೊಂದು ವಿಕೆಟ್ ಕಿತ್ತರು. ನಮ್ಮ ಕ್ರಿಕೆಟ್ಟಿನ ಚರಿತ್ರೆ ಆರಂಭವಾದುದೇ ಇಂಥ ಸೋಲಿನಿಂದ ಎಂಬುದನ್ನು ಅಪ್ಪ ಒಂದು ಬಗೆಯ ಹೆಮ್ಮೆಯಿಂದಲೇ ಹೇಳುತ್ತಿದ್ದರು.

ದೇಶ ದೊಡ್ಡದು, ರೈಲಿನ ಪ್ರಯಾಣ ದೀರ್ಘವಾದದ್ದು, ಸಂಸ್ಥೆಗಳ ಬಳಿ ಹಣ ಕಡಿಮೆ. ಆದ್ದರಿಂದ ತಂಡಗಳನ್ನು ವಲಯಗಳಾಗಿ ಹಂಚಿ, ನೆರೆಹೊರೆಯವರು ಮೊದಲು ತಮ್ಮತಮ್ಮಲ್ಲಿ ಆಡಿಕೊಳ್ಳಲಿ ಎಂದು ವ್ಯವಸ್ಥೆ ಮಾಡಿದರು. 1957-58ರಿಂದ ಪ್ರತಿ ವಲಯದೊಳಗೂ ಲೀಗ್ ಪದ್ಧತಿ ಬಂದಿತು. ದಕ್ಷಿಣ ವಲಯದಲ್ಲಿ ಮೈಸೂರು, ಮದರಾಸು, ಹೈದರಾಬಾದು, ಆಂಧ್ರ, ಕೇರಳ. ಪಶ್ಚಿಮದಲ್ಲಿ ಬೊಂಬಾಯಿ, ಮಹಾರಾಷ್ಟ್ರ, ಬರೋಡ, ಗುಜರಾತ್, ಸೌರಾಷ್ಟ್ರ. ಪೂರ್ವದಲ್ಲಿ ಬಂಗಾಳ, ಬಿಹಾರ, ಒರಿಸ್ಸಾ, ಅಸ್ಸಾಂ. ಹೀಗೆಯೇ ಉತ್ತರ ಮತ್ತು ಮಧ್ಯ ವಲಯಗಳು. ಪ್ರತಿ ವಲಯದಿಂದ ಮೊದಲ ಸ್ಥಾನದ ಒಂದೇ ಒಂದು ತಂಡ ಮುಂದಿನ ಸುತ್ತಿಗೆ ಹೋಗುತ್ತಿತ್ತು. ಎರಡನೆಯ ಸ್ಥಾನಕ್ಕೆ ಯಾವ ಬೆಲೆಯೂ ಇರಲಿಲ್ಲ.

ನಿಯಮ ಎಲ್ಲರಿಗೂ ಒಂದೇ. ಆದುದರಿಂದ ನೋಡುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಯೋಚಿಸಿ ನೋಡಿ. ಒಂದು ವಲಯದಲ್ಲಿ ಒಬ್ಬನೇ ಜಟ್ಟಿ, ಉಳಿದವರೆಲ್ಲ ಹುಡುಗರು ಎಂದಿಟ್ಟುಕೊಳ್ಳಿ. ಆ ಜಟ್ಟಿ ಪ್ರತಿವರ್ಷವೂ ಮುಂದೆ ಹೋಗುತ್ತಾನೆ. ಇನ್ನೊಂದು ವಲಯದಲ್ಲಿ ಸಮಬಲದ ಮೂವರು ಜಟ್ಟಿಗಳಿದ್ದರೆ? ಒಬ್ಬೊಬ್ಬನಿಗೂ ಮೂರು ವರ್ಷಕ್ಕೊಮ್ಮೆ ಸರದಿ. ಹೊರಗಿನಿಂದ ನೋಡುವವನಿಗೆ ಮೊದಲನೆಯ ವಲಯದ ಜಟ್ಟಿಯೇ ಮಹಾಬಲನೆಂದು ತೋರುತ್ತದೆ. ಎರಡನೆಯ ವಲಯದ ಮೂವರೂ ಸಾಮಾನ್ಯರೆನಿಸುತ್ತಾರೆ.

ಅರವತ್ತರ ದಶಕದ ದಕ್ಷಿಣ ವಲಯ ಇಂಥದ್ದು. ಮೈಸೂರಿನಲ್ಲಿ ಪ್ರಸನ್ನ, ಚಂದ್ರಶೇಖರ್, ಸುಬ್ರಹ್ಮಣ್ಯ. ಮದರಾಸಿನಲ್ಲಿ ವೆಂಕಟರಾಘವನ್, ವಿ.ವಿ. ಕುಮಾರ್, ಹೈದರಾಬಾದಿನಲ್ಲಿ ಜಯಸಿಂಹ, ಅಬ್ಬಾಸ್ ಅಲಿ ಬೇಗ್, ಅಬಿದ್ ಅಲಿ, ಮುಂದೆ ಪಟೌಡಿ ಕೂಡ. ಭಾರತದ ಸ್ಪಿನ್ ಚತುಷ್ಟಯ ಎಂದು ಜಗತ್ತು ಕೊಂಡಾಡಿದ ನಾಲ್ವರಲ್ಲಿ ಮೂವರು ಈ ಒಂದೇ ವಲಯದವರು. ಬೇಡಿ ಒಬ್ಬರು ಮಾತ್ರ ಉತ್ತರದವರು. ಮದರಾಸಿನ ಹುಡುಗ ಪ್ರಸನ್ನ ಮತ್ತು ಚಂದ್ರಶೇಖರರ ಎದುರು ಗಳಿಸಿದ ಮೂವತ್ತು ರನ್ನನ್ನೂ, ಬೇರೆಲ್ಲೋ ಸಾಧಾರಣ ಬೌಲರುಗಳ ಎದುರು ಬೇರೊಬ್ಬ ಗಳಿಸಿದ ಎಂಬತ್ತು ರನ್ನನ್ನೂ ಅಂಕಿಪಟ್ಟಿ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಅಂಕಿಪಟ್ಟಿಗೆ ಕಣ್ಣಿಲ್ಲ.

ಈ ಮಾತು ನಮ್ಮವರ ಪರವಾಗಿ ಮಾತ್ರವೇ ಸಲ್ಲುವುದಿಲ್ಲ. ನಮ್ಮ ಗುಂಡಪ್ಪ ವಿಶ್ವನಾಥ್ 1967ರಲ್ಲಿ ತಮ್ಮ ಮೊದಲ ರಣಜಿ ಪಂದ್ಯದಲ್ಲೇ 230 ರನ್ ಹೊಡೆದದ್ದು ಆಗ ದುರ್ಬಲವಾಗಿದ್ದ ಆಂಧ್ರದ ಮೇಲೆ. ಆಂಧ್ರದ ಮೇಲೆ ತಾನೇ ಎಂದು ಅಂದು ಮೂಗು ಮುರಿದವರಿದ್ದರೆ ಅವರನ್ನು ತಪ್ಪೆನ್ನಲಾಗದು. ಅದಕ್ಕೆ ಉತ್ತರ ಬಂದದ್ದು ಎರಡು ವರ್ಷಗಳ ನಂತರ, 1969ರಲ್ಲಿ ಕಾನ್ಪುರದಲ್ಲಿ, ಆಸ್ಟ್ರೇಲಿಯದ ಎದುರು ಮೊದಲ ಟೆಸ್ಟಿನಲ್ಲೇ ಅವರು ಹೊಡೆದ 137 ರನ್ನುಗಳಿಂದ. ವಲಯದೊಳಗಿನ ಸಾಧನೆಯ ನಿಜವಾದ ಬೆಲೆ ತಿಳಿಯುವುದು ವಲಯದ ಹೊರಗೆ.

ಇನ್ನು ಲೆಕ್ಕಕ್ಕೆ ಬರೋಣ. ಮೇಷ್ಟರಿಗೆ ಕಪ್ಪುಹಲಗೆ ಇಲ್ಲದೆ ಮಾತು ಬರುವುದಿಲ್ಲ ಎಂದು ಓದುಗರು ಕ್ಷಮಿಸಬೇಕು. 1958-59ರಿಂದ 1972-73ರವರೆಗೆ ಸತತ ಹದಿನೈದು ವರ್ಷ ಬೊಂಬಾಯಿಯೇ ರಣಜಿ ಟ್ರೋಫಿಯನ್ನು ಗೆದ್ದಿತು. ಇದರಲ್ಲಿ 1961-62ರಿಂದ 1969-70ರವರೆಗಿನ ಒಂಬತ್ತು ವರ್ಷಗಳನ್ನು ಮಾತ್ರ ತೆಗೆದುಕೊಳ್ಳಿ. ಫೈನಲಿನಲ್ಲಿ ಬೊಂಬಾಯಿಗೆ ಸೋತವರು ಯಾರು? ಆರು ಸಲ ಮಧ್ಯ ವಲಯದ ರಾಜಸ್ಥಾನ. ದಕ್ಷಿಣದಿಂದ ಎರಡೇ ಸಲ: 1964-65ರಲ್ಲಿ ಹೈದರಾಬಾದು, 1967-68ರಲ್ಲಿ ಮದರಾಸು. ಇನ್ನೊಮ್ಮೆ ಬಂಗಾಳ. ಇದನ್ನಷ್ಟೇ ನೋಡಿದವರು ದೇಶದ ಎರಡನೆಯ ಬಲಿಷ್ಠ ವಲಯ ಮಧ್ಯ ವಲಯವೆಂದೇ ತೀರ್ಮಾನಿಸಬೇಕು.

ಆದರೆ ಅದೇ ಒಂಬತ್ತು ವರ್ಷಗಳಲ್ಲಿ ಇನ್ನೊಂದು ಪರೀಕ್ಷೆಯೂ ನಡೆಯುತ್ತಿತ್ತು. 1961-62ರಲ್ಲಿ ಆರಂಭವಾದ ದುಲೀಪ್ ಟ್ರೋಫಿಯಲ್ಲಿ ಇಡೀ ವಲಯದ ಆಯ್ದ ಹನ್ನೊಂದು ಮಂದಿ ಇನ್ನೊಂದು ವಲಯದ ಹನ್ನೊಂದು ಮಂದಿಯ ಎದುರು ಆಡುತ್ತಿದ್ದರು. ಇದರ ಫಲಿತಾಂಶ ನೋಡಿ. ಮೊದಲ ನಾಲ್ಕು ವರ್ಷ ಪಶ್ಚಿಮ ವಲಯ. ಅದರಲ್ಲಿ 1963-64ರಲ್ಲಿ ದಕ್ಷಿಣದೊಂದಿಗೆ ಹಂಚಿಕೊಂಡದ್ದು. ಮುಂದಿನ ಮೂರು ವರ್ಷ, ಎಂದರೆ 1965-66ರಿಂದ 1967-68ರವರೆಗೆ, ಸತತವಾಗಿ ದಕ್ಷಿಣ ವಲಯ. ಕೊನೆಯ ಎರಡು ವರ್ಷ ಮತ್ತೆ ಪಶ್ಚಿಮ. ಆರು ಸಲ ರಣಜಿ ಫೈನಲ್ ತಲುಪಿದ ತಂಡವಿದ್ದ ಮಧ್ಯ ವಲಯಕ್ಕೆ ಈ ಒಂಬತ್ತು ವರ್ಷಗಳಲ್ಲಿ ಒಂದು ಸಲವೂ ದುಲೀಪ್ ಟ್ರೋಫಿ ದಕ್ಕಲಿಲ್ಲ. ಅದಕ್ಕೆ ಮೊದಲ ಗೆಲುವು 1971-72ರಲ್ಲಿ, ಉತ್ತರಕ್ಕೆ 1973-74ರಲ್ಲಿ. ಪೂರ್ವ ವಲಯವಂತೂ 2011-12ರವರೆಗೆ ಕಾಯಬೇಕಾಯಿತು.

ಎರಡು ಪಟ್ಟಿಗಳೂ ಸತ್ಯವೇ. ಆದರೆ ಅವು ಅಳೆಯುವುದು ಬೇರೆಬೇರೆ ವಸ್ತುಗಳನ್ನು. ರಣಜಿಯ ಪಟ್ಟಿ ಪ್ರತಿ ಬೆಟ್ಟಸಾಲಿನ ಅತಿ ಎತ್ತರದ ಶಿಖರವನ್ನು ಮಾತ್ರ ಅಳೆಯಿತು. ದುಲೀಪ್ ಪಟ್ಟಿ ಶಿಖರದ ಪಕ್ಕದ ಶಿಖರಗಳನ್ನೂ ಲೆಕ್ಕಕ್ಕೆ ಹಿಡಿಯಿತು. ರಾಜಸ್ಥಾನದ್ದು ಸಾಮಾನ್ಯ ತಂಡವಾಗಿತ್ತೆಂದು ನಾನು ಹೇಳುತ್ತಿಲ್ಲ. ಸಲೀಂ ದುರಾನಿ, ಹನುಮಂತಸಿಂಗ್, ವಿಜಯ್ ಮಾಂಜ್ರೇಕರ್ ಆಡಿದ ತಂಡ ಅದು. ಆದರೆ ಹೈದರಾಬಾದಿಗೋ ಮೈಸೂರಿಗೋ ಆ ವಲಯದಲ್ಲಿ ಆಡುವ ಅವಕಾಶವಿದ್ದಿದ್ದರೆ ಅವು ಎಷ್ಟು ಫೈನಲ್ ಕಾಣುತ್ತಿದ್ದವು ಎಂಬ ಪ್ರಶ್ನೆಯನ್ನು ಕೇಳದಿರಲಾಗುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಚರಿತ್ರೆಯ ಮೇಷ್ಟರಾಗುವುದಿಲ್ಲ, ವಠಾರದ ಜಗಲಿಯ ವಕೀಲನಾಗುತ್ತೇನೆ. ಎದುರು ಪಕ್ಷದ ಸಾಕ್ಷ್ಯವನ್ನೂ ನೋಡಬೇಕು. 1970-71ರಲ್ಲಿ ನಿಯಮ ಬದಲಾಗಿ ಪ್ರತಿ ವಲಯದಿಂದ ಎರಡು ತಂಡಗಳು ಮುಂದಕ್ಕೆ ಹೋಗುವಂತಾಯಿತು. ದಕ್ಷಿಣದವರ ವಾದವೇ ಸರಿಯಾಗಿದ್ದರೆ ಆ ವರ್ಷವೇ ನಮ್ಮ ಎರಡನೆಯ ತಂಡ ಮೆರೆಯಬೇಕಿತ್ತು. ಆದದ್ದೇನು? ಫೈನಲಿಗೆ ಬಂದವರು ಬೊಂಬಾಯಿ ಮತ್ತು ಮಹಾರಾಷ್ಟ್ರ. ಎರಡೂ ಪಶ್ಚಿಮ ವಲಯದವು! ಅಷ್ಟು ವರ್ಷ ಬೊಂಬಾಯಿಯ ನೆರಳಿನಲ್ಲಿ ಮಸುಕಾಗಿದ್ದ ಮಹಾರಾಷ್ಟ್ರಕ್ಕೂ ನಮ್ಮಂತೆಯೇ ಅನ್ಯಾಯವಾಗಿತ್ತು ಎಂಬುದು ಅಂದು ತಿಳಿಯಿತು. ಅದೂ ಅಲ್ಲದೆ ವಾಡೇಕರ್, ಸರದೇಸಾಯಿ, ಗಾವಸ್ಕರ್, ಸೋಲ್ಕರ್, ಅಶೋಕ್ ಮಂಕಡ್ ಎಲ್ಲರೂ ವೆಸ್ಟ್ ಇಂಡೀಸ್ ಪ್ರವಾಸದಲ್ಲಿದ್ದಾಗ, ಸುಧೀರ್ ನಾಯಕ್ ನಾಯಕತ್ವದಲ್ಲಿ ಉಳಿದ ಹುಡುಗರೇ ಆ ಫೈನಲನ್ನು ಬೊಂಬಾಯಿಗೆ ಗೆದ್ದುಕೊಟ್ಟರು. ಇನ್ನು 1972-73ರ ಫೈನಲ್ ನಡೆದದ್ದು ಚೆಪಾಕಿನಲ್ಲಿ, ಚೆಂಡು ಬುಗುರಿಯಂತೆ ತಿರುಗುವ ನೆಲದಲ್ಲಿ. ಬೊಂಬಾಯಿ 151 ಮತ್ತು 113 ಗಳಿಸಿದರೆ ತಮಿಳುನಾಡು 80 ಮತ್ತು 61ಕ್ಕೆ ಕುಸಿಯಿತು. ಪದ್ಮಾಕರ್ ಶಿವಾಲ್ಕರ್ ಹದಿಮೂರು ವಿಕೆಟ್ ಪಡೆದರು. ನಮ್ಮ ಮನೆಯಂಗಳದಲ್ಲಿ, ನಮ್ಮ ವಿದ್ಯೆಯಿಂದಲೇ ನಮ್ಮನ್ನು ಸೋಲಿಸಿದರು. ಹೀಗಿರುವಾಗ ಶಿಖರ ಪಶ್ಚಿಮದಲ್ಲಿತ್ತು ಎಂಬುದನ್ನು ಒಪ್ಪಲೇಬೇಕು. ದಕ್ಷಿಣದ್ದು ಶಿಖರದ ಎತ್ತರವಲ್ಲ, ಹರವು.

ಹಾಗಾದರೆ ಆ ಶಿಖರವನ್ನು ಏರಿದ್ದು ಯಾವಾಗ? 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಕರ್ನಾಟಕ ಎಂಬ ಹೆಸರಿನ ಆ ಮೊದಲ ವರ್ಷದಲ್ಲೇ, 1974ರ ಮಾರ್ಚ್ ತಿಂಗಳಲ್ಲಿ, ಬೆಂಗಳೂರಿನಲ್ಲಿ ಸೆಮಿಫೈನಲ್, ಎದುರಾಳಿ ಬೊಂಬಾಯಿ. ನಾನಾಗ ಒಂಬತ್ತನೆಯ ತರಗತಿ. ವಾರ್ಷಿಕ ಪರೀಕ್ಷೆ ಹತ್ತಿರವಿದ್ದರೂ ಅಪ್ಪ ಒಂದು ದಿನ ನನ್ನನ್ನು ಕರೆದೊಯ್ದರು. ಇಂದು ಚಿನ್ನಸ್ವಾಮಿ ಕ್ರೀಡಾಂಗಣ ಎನ್ನುವ ಜಾಗದಲ್ಲಿ ಕಟ್ಟಡದ ಕೆಲಸ ಇನ್ನೂ ಪೂರ್ಣವಾಗಿರಲಿಲ್ಲ. ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಿಸಿಲಲ್ಲಿ ಕುಳಿತೆವು.

ಕರ್ನಾಟಕ ಮೊದಲು ಆಡಿ 385 ರನ್ ಗಳಿಸಿತ್ತು; ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಬೊಂಬಾಯಿಯ ಸರದಿ ಬಂದಾಗ ನಾಯಕ ಪ್ರಸನ್ನ ಗಾವಸ್ಕರರನ್ನು ಬೌಲ್ಡ್ ಮಾಡಿದರು. ಆ ಕ್ಷಣದಲ್ಲಿ ಅಪ್ಪ ಕೂಗಲಿಲ್ಲ. ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು, ಅಷ್ಟೇ. ಮುಂದೆ ಚೆನ್ನಾಗಿ ಆಡುತ್ತಿದ್ದ ವಾಡೇಕರ್ ಓಡುವಾಗ ಕಾಲು ಜಾರಿ ರನ್ ಔಟ್ ಆದರು. ಬೊಂಬಾಯಿ 307ಕ್ಕೆ ಮುಗಿಯಿತು. ಮೊದಲ ಇನಿಂಗ್ಸಿನ 78 ರನ್ನುಗಳ ಮುನ್ನಡೆಯ ಆಧಾರದ ಮೇಲೆ ಕರ್ನಾಟಕ ಫೈನಲಿಗೆ ಹೋಯಿತು. ಹದಿನೈದು ವರ್ಷಗಳ ಕೋಟೆ ಬಿದ್ದಿತು. ಜೈಪುರದ ಫೈನಲಿನಲ್ಲಿ ರಾಜಸ್ಥಾನವನ್ನು 185 ರನ್ನುಗಳಿಂದ ಸೋಲಿಸಿ ಮೊದಲ ಬಾರಿಗೆ ಟ್ರೋಫಿಯನ್ನು ತಂದರು. ಒಂದೇ ತಿಂಗಳಲ್ಲಿ ಪಶ್ಚಿಮದ ಶಿಖರ, ಮಧ್ಯದ ಶಿಖರ ಎರಡೂ! ಆದರೆ ಗಮನಿಸಿ: ಒಂದು ಕಾಲು ಜಾರದಿದ್ದರೆ? ಎಪ್ಪತ್ತೆಂಟು ರನ್ನುಗಳ ಅಂತರ ಅಷ್ಟು ದೊಡ್ಡದೇನಲ್ಲ. ಒಂದು ಪಂದ್ಯದಿಂದ ಒಂದು ವಲಯದ ಬಲವನ್ನು ಅಳೆಯುವವನು ಒಂದು ಮಳೆಯಿಂದ ಮುಂಗಾರನ್ನು ಅಳೆದಂತೆ.

ಒಹಾಯೊದಲ್ಲಿ ಅಳಿಯನಿಂದಲೇ ತಿಳಿದ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. ನಾವು ಬೊಂಬಾಯಿಯನ್ನು ಸೋಲಿಸುವುದಕ್ಕೆ ಕೆಲವೇ ತಿಂಗಳ ಮೊದಲು, 1973ರ ನವೆಂಬರ್ 24ರಂದು, ಬಿಗ್ ಟೆನ್ ಗುಂಪಿನ ಎರಡು ಘಟಾನುಘಟಿ ತಂಡಗಳಾದ ಒಹಾಯೊ ಸ್ಟೇಟ್ ಮತ್ತು ಮಿಷಿಗನ್ 10-10ರ ಸಮಬಲ ಸಾಧಿಸಿದವು. ಎರಡೂ ಆ ವರ್ಷ ಸೋಲನ್ನೇ ಕಂಡಿರಲಿಲ್ಲ. ಆದರೆ ಆ ಗುಂಪಿನಿಂದ ಋತುವಿನ ಕೊನೆಯ ರೋಸ್ ಬೌಲ್ ಪಂದ್ಯಕ್ಕೆ ಒಂದೇ ತಂಡ ಹೋಗಬಹುದಿತ್ತು. ಇನ್ನೊಂದು ಬೇರೆ ಯಾವ ಬೌಲ್ ಪಂದ್ಯವನ್ನೂ ಆಡುವಂತಿರಲಿಲ್ಲ. ಗುಂಪಿನ ಕ್ರೀಡಾ ನಿರ್ದೇಶಕರು ಮತ ಹಾಕಿ ಒಹಾಯೊವನ್ನು ಆರಿಸಿದರು. ಒಂದೂ ಪಂದ್ಯ ಸೋಲದ ಮಿಷಿಗನ್ ಮನೆಯಲ್ಲಿ ಕುಳಿತಿತು. ಆ ಕೋಪದ ಫಲವೆಂಬಂತೆ 1975ರಿಂದ ಆ ನಿಯಮ ಸಡಿಲವಾಯಿತು. ಇಡೀ ದೇಶದ ಚಾಂಪಿಯನ್ ಯಾರೆಂದು ನಿರ್ಧರಿಸುವ ನಾಲ್ಕು ತಂಡಗಳ ಪ್ಲೇಆಫ್ 2014ರಲ್ಲಿ ಬಂದು, 2024ರಲ್ಲಿ ಹನ್ನೆರಡು ತಂಡಗಳಿಗೆ ವಿಸ್ತಾರವಾಯಿತು. ನಮ್ಮ ಚರಿತ್ರೆಯೂ ಇದೇ ದಾರಿಯದು. ವಲಯಕ್ಕೊಂದು ಇದ್ದದ್ದು 1970-71ರಲ್ಲಿ ಎರಡಾಯಿತು, 1992-93ರಲ್ಲಿ ಮೂರಾಯಿತು. 2002-03ರಲ್ಲಿ ರಣಜಿಯ ವಲಯ ಪದ್ಧತಿಯನ್ನೇ ಕೈಬಿಟ್ಟು ಎಲೀಟ್, ಪ್ಲೇಟ್ ಎಂಬ ವಿಂಗಡಣೆ ತಂದರು. ಬಾಗಿಲು ಅಗಲವಾದಂತೆಲ್ಲ ಒಳಗೆ ಬಂದವರು ಯಾರು ನೋಡಿ. 1995-96ರ ಫೈನಲಿನಲ್ಲಿ ಎದುರಾದವರು ಕರ್ನಾಟಕ ಮತ್ತು ತಮಿಳುನಾಡು, ಒಂದೇ ವಲಯದ ನೆರೆಹೊರೆಯವರು. ಹಳೆಯ ನಿಯಮದಲ್ಲಿ ಇದು ಅಸಾಧ್ಯವಾಗಿತ್ತು. ಹಿಂದೆ ಲೆಕ್ಕಕ್ಕೇ ಇಲ್ಲದಿದ್ದ ವಿದರ್ಭ 2017-18, 2018-19, 2024-25ರಲ್ಲಿ ಟ್ರೋಫಿ ಗೆದ್ದಿತು. ಆ ಕೊನೆಯ ಫೈನಲಿನಲ್ಲಿ ಅದರ ಎದುರಿಗಿದ್ದದ್ದು ಮೊದಲ ಸಲ ಫೈನಲ್ ತಲುಪಿದ ಕೇರಳ.

ಇದೆಲ್ಲ ಆಟದ ಮಾತು, ಇದರಿಂದ ಯಾರ ಮನೆ ಮುಳುಗಿತು ಎಂದು ನೀವು ಕೇಳಬಹುದು. ಅದಕ್ಕೆ ಉತ್ತರವಾಗಿ ನನ್ನ ವೃತ್ತಿಜೀವನದ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ.

ತೊಂಬತ್ತರ ದಶಕದಲ್ಲಿ ನಾನು ಬೆಂಗಳೂರಿನ ಪಶ್ಚಿಮ ಭಾಗದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ದೈಹಿಕ ಶಿಕ್ಷಕರ ಹುದ್ದೆ ಖಾಲಿಯಿದ್ದುದರಿಂದ ಹೆಣ್ಣುಮಕ್ಕಳ ಖೊಖೊ ತಂಡದ ಹೊಣೆಯೂ ನನ್ನ ಮೇಲೆ ಬಿದ್ದಿತ್ತು. ಆ ವರ್ಷದ ತಂಡ ಬಹಳ ಚೆನ್ನಾಗಿತ್ತು. ಆದರೆ ನಮ್ಮ ವಲಯದಲ್ಲಿಯೇ ಇನ್ನೊಂದು ಶಾಲೆ ಇತ್ತು. ವಲಯ ಮಟ್ಟದ ಕೊನೆಯ ಪಂದ್ಯದಲ್ಲಿ ಒಂದೇ ಅಂಕದಿಂದ ಅವರಿಗೆ ಸೋತೆವು. ಮುಂದೆ ಆ ಶಾಲೆ ಜಿಲ್ಲಾ ಮಟ್ಟದಲ್ಲಿ ಬೇರೆ ವಲಯಗಳ ತಂಡಗಳನ್ನೆಲ್ಲ ಲೀಲಾಜಾಲವಾಗಿ ಸೋಲಿಸಿತು. ಯಾರೂ ಅವರ ಹತ್ತಿರಕ್ಕೂ ಬರಲಿಲ್ಲ.

ನಮ್ಮ ತಂಡದ ನಾಯಕಿ, ಬಡಗಿಯೊಬ್ಬರ ಮಗಳು, ಮರುದಿನ ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ನಿಂತು ಕೇಳಿದಳು: "ಸರ್, ನಾವು ಬೇರೆ ವಲಯದಲ್ಲಿ ಇದ್ದಿದ್ದರೆ ಜಿಲ್ಲೆಗೆ ಹೋಗುತ್ತಿದ್ದೆವು, ಅಲ್ಲವಾ?" ಅವಳಿಗೆ ಬೇಕಾಗಿದ್ದದ್ದು ಜಿಲ್ಲಾ ಮಟ್ಟದ ಒಂದು ಪ್ರಮಾಣಪತ್ರ. ಅದಿದ್ದರೆ ಕಾಲೇಜಿನಲ್ಲಿ ಕ್ರೀಡಾ ಕೋಟಾದಡಿ ಸೀಟು ಕೇಳಬಹುದಿತ್ತು, ಶುಲ್ಕದ ಹೊರೆ ಇಳಿಯುತ್ತಿತ್ತು. ನಾನು ಕಾಪಿ ಪುಸ್ತಕಗಳ ರಾಶಿಯಿಂದ ತಲೆಯೆತ್ತದೆಯೇ, "ಸೋತವರು ನೆಪ ಹೇಳಬಾರದಮ್ಮ" ಎಂದುಬಿಟ್ಟೆ. ಅವಳು "ಸರಿ ಸರ್" ಎಂದು ಹೋದಳು.

ಅವಳು ಹೇಳಿದ್ದು ನೆಪವಾಗಿರಲಿಲ್ಲ. ಅದು ಶುದ್ಧವಾದ ತರ್ಕ. ಅಪ್ಪ ಜಗಲಿಯ ಮೇಲೆ ಹೈದರಾಬಾದಿನ ಪರವಾಗಿ, ಮೈಸೂರಿನ ಪರವಾಗಿ ಮಂಡಿಸುತ್ತಿದ್ದ ವಾದವನ್ನೇ ಆ ಹದಿನೈದರ ಹುಡುಗಿ ಒಂದು ವಾಕ್ಯದಲ್ಲಿ ಹೇಳಿದ್ದಳು. ರಣಜಿಯ ವಿಷಯದಲ್ಲಿ ಗಂಟೆಗಟ್ಟಲೆ ನ್ಯಾಯ ಮಾತನಾಡುವ ನನಗೆ, ನನ್ನ ಎದುರಿಗೇ ನಿಂತಿದ್ದ ಮಹಾರಾಷ್ಟ್ರ ಕಾಣಲಿಲ್ಲ. ನಿಯಮವನ್ನು ಬದಲಿಸುವ ಅಧಿಕಾರ ನನಗಿರಲಿಲ್ಲ, ನಿಜ. ಆದರೆ ಯಾವುದಾದರೂ ಕಾಲೇಜಿನ ಪ್ರಾಂಶುಪಾಲರಿಗೆ ಒಂದು ಪತ್ರವನ್ನಾದರೂ ಬರೆಯಬಹುದಿತ್ತು: ಈ ಹುಡುಗಿಯ ತಂಡ ಜಿಲ್ಲೆಯನ್ನೇ ಗೆದ್ದ ತಂಡದ ಎದುರು ಒಂದೇ ಅಂಕದಿಂದ ಸೋತಿದೆ, ಇವಳ ಎರಡನೆಯ ಸ್ಥಾನವನ್ನು ಎರಡನೆಯ ಸ್ಥಾನವೆಂದು ಓದಬೇಡಿ ಎಂದು. ಬರೆಯಲಿಲ್ಲ. ಅವಳು ಕಾಲೇಜಿಗೆ ಸೇರಲಿಲ್ಲವೆಂದು ಮುಂದಿನ ವರ್ಷ ತಿಳಿಯಿತು.

ಕೆಲವು ತಿಂಗಳ ಹಿಂದೆ ಉಲ್ಲಾಳದ ನಮ್ಮ ಮನೆಯಿಂದ ಹೊರಟು ಜ್ಞಾನಭಾರತಿ ಮೆಟ್ರೊ ನಿಲ್ದಾಣದಲ್ಲಿ ನಿಂತಿದ್ದಾಗ ಮಹಿಳೆಯೊಬ್ಬರು ಬಂದು ನಮಸ್ಕರಿಸಿದರು. ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಟೈಲರಿಂಗ್ ಅಂಗಡಿ ನಡೆಸುತ್ತಿದ್ದಾಳಂತೆ, ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳಂತೆ. ನಾನು ಆ ಪಂದ್ಯದ ಮಾತೆತ್ತಿ, ಅಂದು ನಾನು ಹಾಗೆ ಹೇಳಬಾರದಿತ್ತು ಎಂದೆ. ಅವಳು ನನ್ನನ್ನೇ ನೋಡಿ, "ನೀವು ಏನು ಹೇಳಿದಿರೋ ನನಗೆ ನೆನಪಿಲ್ಲ ಸರ್. ಆ ಒಂದು ಅಂಕ ಮಾತ್ರ ನೆನಪಿದೆ" ಎಂದಳು. ಅಷ್ಟರಲ್ಲಿ ರೈಲು ಬಂದಿತು.

ಅಳಿಯನಿಗೆ ಮುಂದಿನ ಸಲ ಫೋನ್ ಮಾಡಿದಾಗ ನನ್ನ ತೀರ್ಮಾನವನ್ನು ಹೇಳಬೇಕೆಂದಿದ್ದೇನೆ. ಯಾವ ಗುಂಪು ಬಲಿಷ್ಠ ಎಂದು ಕೇಳುವಾಗ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು: ಅದರ ಮೊದಲನೆಯವನು ಎಷ್ಟು ಎತ್ತರ? ಎರಡನೆಯವನು, ಮೂರನೆಯವನು ಎಷ್ಟು ಎತ್ತರ? ಕೊನೆಯವನು ಎಷ್ಟು ತಗ್ಗು? ಮೊದಲ ಪ್ರಶ್ನೆಗೆ ಟ್ರೋಫಿಗಳು ಉತ್ತರ ಹೇಳುತ್ತವೆ. ಉಳಿದೆರಡಕ್ಕೆ ಗುಂಪಿನ ಹೊರಗೆ ಆಡಿಸಿ ನೋಡದೆ ಉತ್ತರ ಸಿಗುವುದಿಲ್ಲ. ಹೊರಗೆ ಆಡಲು ಬಿಡದ ನಿಯಮ ಇರುವವರೆಗೆ, ಎರಡನೆಯ ಸ್ಥಾನದಲ್ಲಿ ನಿಂತವರು ಬಂದು ಪ್ರಶ್ನೆ ಕೇಳಿದಾಗ, ಕಾಪಿ ಪುಸ್ತಕದಿಂದ ತಲೆಯೆತ್ತಿ ನೋಡುವುದು ಮೇಷ್ಟರಾದವರ ಕರ್ತವ್ಯ.